ನೆರೆಮನೆಯ ಬಾಗಿಲು ಮುಚ್ಚಿಕೊಂಡು ಎಷ್ಟು ದಿನ?

ಚಾಮರಾಜಪೇಟೆ, ಸಿಟಿ ಮಾರ್ಕೆಟ್ ಸುತ್ತಮುತ್ತ ಆಗಲೇ ಅಂಗಡಿ, ಹೋಟೆಲು ಇಟ್ಟುಕೊಂಡಿದ್ದ ನಮ್ಮ ಹಿರಿಯರಿಗೆ 1986ರ ನವೆಂಬರ್ ನೆನಪಿರಬಹುದು. ಆ ತಿಂಗಳ 16 ಮತ್ತು 17ರಂದು ಏಳು ದೇಶಗಳ ನಾಯಕರು ಸಾರ್ಕ್‌ನ ಎರಡನೇ ಶೃಂಗಸಭೆಗೆ ಬೆಂಗಳೂರಿಗೆ ಬಂದಿದ್ದರು. ಕಠ್ಮಂಡುವಿನಲ್ಲಿ ಸಾರ್ಕ್ ಕಚೇರಿ ತೆರೆಯುವ ಒಪ್ಪಂದ ಆದದ್ದು ಇಲ್ಲೇ. ಇವತ್ತು ಸಾರ್ಕ್ ಹೆಸರಿಗಷ್ಟೇ ಉಳಿದಿದೆ. 2014ರ ಕಠ್ಮಂಡು ಶೃಂಗಸಭೆಯೇ ಕೊನೆಯದು. 2016ರಲ್ಲಿ ಉರಿ ದಾಳಿಯ ನಂತರ ಇಸ್ಲಾಮಾಬಾದ್ ಸಭೆ ನಿಂತುಹೋಯಿತು. ಆಮೇಲೆ ನಾಯಕರು ಶೃಂಗಸಭೆಗೆ ಸೇರಲೇ ಇಲ್ಲ.

ನಮಗ್ಯಾಕೆ ಈ ಉಸಾಬರಿ ಅಂತ ಕೇಳಬಹುದು. ಗಲ್ಫ್‌ನಲ್ಲಿ ಒಬ್ಬರಾದರೂ ದುಡಿಯದ ಮನೆ ನಮ್ಮಲ್ಲಿ ಎಷ್ಟಿವೆ? ದುಬೈ, ದಮ್ಮಾಮ್‌ನ ರೂಮುಗಳಲ್ಲಿ ನಮ್ಮ ಹುಡುಗರು ಸಿಲೆಟ್‌ನವನ, ಲಾಹೋರಿನವನ ಜತೆ ಒಂದೇ ಅಡುಗೆಮನೆಯಲ್ಲಿ ಬೇಯಿಸಿ ತಿನ್ನುತ್ತಾರೆ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಗಂಜಿ ಮಾಡಿಕೊಡುತ್ತಾನೆ. ಊರಿಗೆ ಬಂದ ಮೇಲೆ ಅದೇ ಲಾಹೋರಿನ ಗೆಳೆಯನ ಮದುವೆಗೆ ಹೋಗುವುದು ಕನಸಿನ ಮಾತು.

ಆ ಗಲ್ಫ್‌ನ ಆರು ದೇಶಗಳು ಜಿಸಿಸಿ ಕಟ್ಟಿಕೊಂಡದ್ದು 1981ರಲ್ಲಿ, ಸಾರ್ಕ್‌ಗಿಂತ ನಾಲ್ಕೇ ವರ್ಷ ಮೊದಲು. ಅಲ್ಲಿನ ಪ್ರಜೆಗಳು ಈಗ ಗುರುತಿನ ಚೀಟಿ ತೋರಿಸಿ ಪರಸ್ಪರರ ಗಡಿ ದಾಟುತ್ತಾರೆ. ಅವರಲ್ಲಿ ಜಗಳ ಇಲ್ಲವೆಂದಲ್ಲ. 2017ರಲ್ಲಿ ಸೌದಿ, ಯುಎಇ, ಬಹರೈನ್ ಸೇರಿ ಕತಾರ್‌ನ ದಾರಿಯನ್ನೇ ಮುಚ್ಚಿದವು. ಆದರೂ ಜಿಸಿಸಿ ಮುರಿಯಲಿಲ್ಲ. ಕುವೈತ್ ಮಧ್ಯೆ ನಿಂತು ಮಾತಾಡಿತು, 2021ರ ಜನವರಿಯಲ್ಲಿ ಅಲ್‌ಉಲಾ ಸಭೆಯಲ್ಲಿ ರಾಜಿ ಆಯಿತು. ನಮ್ಮಲ್ಲಿ ಇಲ್ಲದ್ದು ಇದೇ: ಮುನಿಸಿಕೊಂಡರೂ ಮತ್ತೆ ಬಂದು ಕೂರುವ ಜಾಗ.

ಹಾಗಂತ ಕಣ್ಣು ಮುಚ್ಚಿ ಗಡಿ ತೆರೆಯಿರಿ ಅಂತ ನಾವು ಹೇಳುವುದಿಲ್ಲ. ಹೊರಗಿನ ಅಡಿಕೆ ಅಗ್ಗಕ್ಕೆ ಬಂದರೆ ಪುತ್ತೂರು, ವಿಟ್ಲ, ಸುಳ್ಯದ ಬೆಳೆಗಾರನಿಗೂ ಅವನಿಂದ ಕೊಳ್ಳುವ ನಮ್ಮ ವ್ಯಾಪಾರಿಗೂ ಪೆಟ್ಟು. ಅದಕ್ಕೇ 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಬೇಕಾಯಿತು. ಒಪ್ಪಂದ ಬರೆಯುವವರು ಮೊದಲು ಇಂಥವರನ್ನು ಕೇಳಲಿ.

ಯುರೋಪಿನ ಹಾಗೆ ಒಂದೇ ನೋಟು, ಒಂದೇ ಪಾರ್ಲಿಮೆಂಟು ನಮ್ಮ ಕಾಲಕ್ಕೆ ಆಗುವ ಕೆಲಸ ಅಲ್ಲ ಬಿಡಿ. ರೋಗಿಗೆ, ವಿದ್ಯಾರ್ಥಿಗೆ, ಗಡಿಯಾಚೆ ಸಂಬಂಧಿಕರಿರುವವರಿಗೆ ಸುಲಭವಾಗಿ ವೀಸಾ ಸಿಕ್ಕರೆ ಅದೇ ಒಳ್ಳೆಯ ಶುರು. ಭಯೋತ್ಪಾದನೆಗೆ ಆಸರೆ ಕೊಡುವವರನ್ನು ಬಿಡಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರ ಜಗಳಕ್ಕೆ ಇಡೀ ನೆರೆಹೊರೆ ಯಾಕೆ ದಂಡ ತೆರಬೇಕು?

ನೆರೆಯವನ ಹಕ್ಕಿನ ಬಗ್ಗೆ ನಾವು ಖುತುಬಾದಲ್ಲಿ ಎಷ್ಟು ಸಲ ಕೇಳಿಲ್ಲ! ನೆರೆಯವನನ್ನು ಆರಿಸಿಕೊಳ್ಳಲು ಆಗುವುದಿಲ್ಲ, ಅವನ ಜತೆ ಬದುಕುವ ದಾರಿಯನ್ನು ಆರಿಸಿಕೊಳ್ಳಬಹುದು. 1986ರಲ್ಲಿ ಬೆಂಗಳೂರಿನಲ್ಲಿ ಕೂತು ಮಾತಾಡಿದವರು ಮತ್ತೊಮ್ಮೆ ಕೂರಲಿ. ಇನ್ಶಾ ಅಲ್ಲಾಹ್, ದುಬೈನ ರೂಮಿನಲ್ಲಿ ಸಾಧ್ಯವಾದದ್ದು ಒಂದು ದಿನ ನಮ್ಮ ನೆಲದಲ್ಲೂ ಆದೀತು.