ಒಂದು ಗುಂಟೆ, ಒಂದು ಚುಕ್ಕಿ

ಹರಿಹರದ ಹತ್ತಿರ ನಮ್ಮ ಮಾಮು ಎರಡು ಎಕರೆ ಗದ್ದೆಯನ್ನು ಗುತ್ತಿಗೆಗೆ ಮಾಡುತ್ತಾರೆ. ಭದ್ರಾ ನಾಲೆಯ ಕೊನೆಭಾಗ. ಜಲಾಶಯದಿಂದ ನೀರು ಬಿಟ್ಟರು ಎಂದು ಪೇಪರಿನಲ್ಲಿ ಬಂದ ದಿನ ಅವರಿಗೆ ಖುಷಿಯಿಲ್ಲ. ನೀರು ಗದ್ದೆಗೆ ಬಂದ ದಿನವೇ ಖುಷಿ. ಈ ಎರಡು ದಿನಗಳ ನಡುವಿನ ಅಂತರವೇ ಪ್ರತಿ ಹಂಗಾಮಿನ ಜಗಳ. ಒಮ್ಮೆ ಕೇಳಲು ಹೋದಾಗ ‘ಕೊನೆಯವರೆಗೂ ನೀರು ಮುಟ್ಟಿದೆ’ ಎಂಬ ಉತ್ತರ ಸಿಕ್ಕಿತಂತೆ. ಮಾಮು ಹತ್ತಿರ ಇದ್ದದ್ದು ಬಿರುಕು ಬಿಟ್ಟ ಗದ್ದೆಯ ಫೋಟೊ ಮಾತ್ರ. ಅದು ಯಾವ ಗದ್ದೆ ಎಂದು ಕೇಳಿದರೆ ಸಾಕ್ಷಿ ಯಾರು?

ಸಾಕ್ಷಿ ಮೇಲೆ ಸುತ್ತುತ್ತಿದೆ ಎಂಬುದು ನನ್ನ ವಾದ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ ಒಂದೇ! ಮಾಮು ಗದ್ದೆ ಎಂದರೆ ಸುಮಾರು 80 ಚುಕ್ಕಿ. ಈ ಚಿತ್ರಗಳು ಯಾರಿಗಾದರೂ ಉಚಿತ.

ಆದರೆ ಸೆಂಟಿನೆಲ್-2 ನಮ್ಮ ಕಣ್ಣಿನ ಹಾಗೆ. ಮೋಡ ಕವಿದರೆ ಕುರುಡು. ಮಳೆಗಾಲದ ಬೆಳೆಯಲ್ಲಿ ವಾರಗಟ್ಟಲೆ ಬರೀ ಬಿಳಿ. ಅಲ್ಲಿ ರೇಡಾರ್ ಬೇಕು. ಸೆಂಟಿನೆಲ್-1 ತಾನೇ ಅಲೆ ಕಳಿಸಿ, ಮರಳಿ ಬಂದದ್ದನ್ನು ಅಳೆಯುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ನಾಟಿಗೆ ನೀರು ನಿಲ್ಲಿಸಿದ ಗದ್ದೆ ಕನ್ನಡಿಯಂತೆ ಅಲೆಯನ್ನು ಬೇರೆ ಕಡೆಗೆ ಜಾರಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಪೈರು ಎದ್ದಂತೆ ಬೆಳ್ಳಗಾಗುತ್ತಾ ಹೋಗುತ್ತದೆ. ಅಂದರೆ ಕಪ್ಪಾದ ತಾರೀಖು ನೀರು ಬಂದ ತಾರೀಖು. ತೊಂದರೆ ಏನೆಂದರೆ ಒಂದು ರೇಡಾರ್ ಉಪಗ್ರಹ ಅದೇ ದಾರಿಗೆ ಮರಳಲು 12 ದಿನ ಬೇಕು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ–ನಾಸಾದ ನಿಸಾರ್‌ಗೂ ಅಷ್ಟೇ. ಒಂದನ್ನೇ ನಂಬಿದರೆ ಸಸಿ ಒಣಗಿದ ಮೇಲೆ ಗೊತ್ತಾಗುತ್ತದೆ. ಎಲ್ಲವನ್ನೂ ಸೇರಿಸಿದರೆ ನಡುವಿನ ದಿನಗಳು ತುಂಬುತ್ತವೆ.

ಇದು ಸೈನ್ಸ್ ಸೆಕ್ಷನ್‌ನವರ ವಿಷಯ ಎಂದು ನಗಬೇಡಿ. ನಾವು ಬ್ಯಾಂಕ್ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಮಾಡುವುದು ಏಕೆ? ಕ್ಯಾಶ್ ಬುಕ್ ಒಂದು ಹೇಳುತ್ತದೆ, ಪಾಸ್ ಬುಕ್ ಇನ್ನೊಂದು ಹೇಳುತ್ತದೆ, ವ್ಯತ್ಯಾಸ ಎಲ್ಲಿದೆ ಎಂದು ಹುಡುಕುತ್ತೇವೆ. ಇಲ್ಲಿಯೂ ಹಾಗೆಯೇ. ರೇಡಾರ್ ‘ನೀರಿದೆ’ ಎನ್ನುತ್ತದೆ, ಅದು ನಾಲೆ ನೀರೋ ಮಳೆ ನೀರೋ ಅದಕ್ಕೆ ತಿಳಿಯದು. ಆಗ ಪಂಚಾಯಿತಿಯ ಮಳೆಮಾಪಕ ನೋಡಬೇಕು. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ತೆಗೆದ ಫೋಟೊ ಹೋಲಿಸಬೇಕು.

ಹೊಸದೇನಲ್ಲ. ಇದೇ ಭದ್ರಾ ಅಚ್ಚುಕಟ್ಟಿನ ಭತ್ತವನ್ನು ಉಪಗ್ರಹದ ಚಿತ್ರ ಮತ್ತು ಬೆಳೆ ಕಟಾವು ಪ್ರಯೋಗದ ಅಂಕಿ ಸೇರಿಸಿ ಅಳೆದ ತಿರುವೆಂಗಡಾಚಾರಿ, ಶಕ್ತಿವಡಿವೇಲ್ ಅವರ ವರದಿ 1997ರಲ್ಲೇ ಕೊಲಂಬೊದಿಂದ ಪ್ರಕಟವಾಗಿದೆ. ನಾನು ಆಗ ಹುಟ್ಟಿಯೂ ಇರಲಿಲ್ಲ. ಕೊಲಂಬೊಗೆ ತಿಳಿದದ್ದು ಮಾಮುಗೆ ತಿಳಿಯಲಿಲ್ಲ ಎಂಬುದೇ ನನ್ನ ಸಿಟ್ಟು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು: ಪ್ರತಿ ಉಪನಾಲೆಗೂ ನೀರು ಮುಟ್ಟಿದ ತಾರೀಖಿನ ನಕ್ಷೆ ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಬೋರ್ಡಿಗೆ ಬರಲಿ. ಮೇಲ್ಭಾಗದವರಿಗೂ ಕಾಣಲಿ, ನಮಗೂ ಕಾಣಲಿ. ನಾವು ಸಿಟಿಯವರು, ನಮಗೇನು ಎನ್ನುವವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ತಮ್ಮ ಅಬ್ಬಾರನ್ನು ಕೇಳಲಿ, ಭತ್ತ ಎಲ್ಲಿಂದ ಬರುತ್ತದೆ ಎಂದು.

ಇದನ್ನೆಲ್ಲ ಹೇಳಿದಾಗ ಮಾಮು, ‘ಸ್ಯಾಟಲೈಟ್ ದೇಖೆ ತೋ ಪಾನಿ ಆತಾ ಕ್ಯಾ?’ ಎಂದರು. ಉಪಗ್ರಹ ನೋಡಿದರೆ ನೀರು ಬರುತ್ತದಾ? ಬರುವುದಿಲ್ಲ, ಆದರೆ ‘ಮುಟ್ಟಿದೆ’ ಎಂದು ಸುಮ್ಮನೆ ಹೇಳುವುದು ಕಷ್ಟವಾಗುತ್ತದೆ ಎಂದೆ. ಪೂರ್ತಿ ಒಪ್ಪಲಿಲ್ಲ. ಆದರೂ ಈ ಸಲ ನೀರು ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರಂತೆ. ಪಾಸ್ ಬುಕ್ ನಾನು ಮೊಬೈಲಿನಲ್ಲಿ ತೆಗೆದು ನೋಡುತ್ತೇನೆ.