ನೆಟ್ ನಿಧಾನ ಆದ್ರೆ ಬೈಗಳ ನಮಗ್ಯಾಕೆ?

ಚನ್ನಗಿರಿಯಿಂದ ಜಗಳೂರಿನ ತನಕ ಯಾರ ಮನೆಗೆ ಹೋದ್ರೂ ಇದೊಂದು ಮಾತು ಈಗ ಖಾಯಂ ಆಗೈತೆ: "ನೀವು ಧಾರಾವಾಹಿ ಹಚ್ಕೊಂಡು ಕುಂತ್ರೆ ನೆಟ್ ಎಲ್ಲಿಂದ ಓಡ್ತೈತೆ?" ಇಷ್ಟು ಅಂದು, ಮಾರನೇ ದಿನ ಇನ್ನೂ ಜಾಸ್ತಿ ದುಡ್ಡಿನ ಪ್ಲಾನ್ ಹಾಕಿಸ್ತಾರೆ. ಬೈಗಳ ನಮಗೆ, ಬಿಲ್ಲು ಮನೆಗೆ, ನಿಧಾನ ಮಾತ್ರ ಹಂಗೇ. ಬೈಯೋದೂ ತಪ್ಪು, ದೊಡ್ಡ ಪ್ಲಾನ್ ಹಾಕ್ಸೋದೂ ತಪ್ಪು. ಯಾಕೆ ಅಂತ ಹೇಳ್ತೀನಿ, ಕೇಳ್ರಿ ಅಕ್ಕಂದಿರಾ.

ಮೊದ್ಲು ಲೆಕ್ಕ. ಎಚ್‌ಡಿ ಧಾರಾವಾಹಿ ಒಂದಕ್ಕೆ 5 ಎಂಬಿಪಿಎಸ್ ಆಸುಪಾಸು ಸಾಕು. 100ರ ಫೈಬರ್ ಇರೋ ಮನೇಲಿ ಅದು ಇಪ್ಪತ್ತರಾಗೆ ಒಂದು ಪಾಲು. ಹಂಗಾದ್ರೆ ಗಂಟು ಎಲ್ಲೈತೆ? ಬಹಳ ಸಲ ಮೇಲಕ್ಕೆ ಹೋಗೋ ದಾರೀಲಿ. ಎಲ್ರ ಫೋನಿನ ಫೋಟೊ, ಮದುವೆ ವಿಡಿಯೋ ತಾವಾಗೇ ಬ್ಯಾಕಪ್ ಆಗ್ತಿರ್ತಾವೆ. ಅದೇ ಹೊತ್ತಿಗೆ ಸೊಸೆ ಬೆಂಗ್ಳೂರಿನ ಕಂಪ್ನಿ ಮೀಟಿಂಗ್‌ನಾಗೆ ಕುಂತಿರ್ತಾಳೆ. ಕೆಳಗೆ ಇಳಿಯೋ ಮಾಲಿಗೆ ನಮ್ಮ ಕಡೆಯಿಂದ "ಮುಟ್ತು" ಅನ್ನೋ ಸಣ್ಣ ಉತ್ತರ ಮೇಲೆ ಹೋಗ್ತಾ ಇರ್ಬೇಕು. ಅಡಿಕೆ ಲಾರಿ ಸಾಲಿನ ಹಿಂದೆ ಸಿಕ್ಕ ಪೋಸ್ಟ್ ಸೈಕಲ್ಲಿನಂಗೆ ಆ ಉತ್ತರ ರೂಟರಿನೊಳಗೆ ಕಾಯ್ತಾ ನಿಂತ್ರೆ, ಇಳಿಯೋದೂ ಕುಂಟ್ತೈತೆ.

"ವೈಫೈ ಬಿಟ್ಟು ವೈರೇ ಹಾಕೀವಲ್ಲ" ಅಂತಾರೆ. ಆ ಕೇಬಲ್ಲಿನೊಳಗೆ 8 ಎಳೆ ಅದಾವೆ. 1000ದ ವೇಗಕ್ಕೆ ಎಂಟೂ ಬೇಕು, 100ಕ್ಕೆ ನಾಲ್ಕೇ ಸಾಕು. ಎಳೆ ತುಂಡಾಗಿದ್ರೆ 300ರ ಪ್ಲಾನೂ 100ಕ್ಕೇ ನಿಂತುಬಿಡಬಹುದು. ಇನ್ನೊಂದು ಕಾಟ: ಒಂದು ತುದೀಲಿ ಯಾರೋ ಕೈಯಾರೆ "ಫುಲ್ ಡುಪ್ಲೆಕ್ಸ್" ಅಂತ ಇಟ್ಟು, ಇನ್ನೊಂದು ತುದಿ "ಆಟೋ" ಇದ್ರೆ, ಆಟೋ ತುದಿ ಹಾಫ್‌ಗೆ ಇಳೀತೈತೆ. ಒಬ್ರು ಮಾತು ಮುಗೀಲಿ ಅಂತ ಕಾಯೋರು, ಇನ್ನೊಬ್ರು ನಿಲ್ಲಿಸದೆ ಮಾತಾಡೋರು, ಹಂಗಾಗ್ತೈತೆ ಸಂಸಾರ. ಎರಡೂ ಕಡೆ ಆಟೋ ಇಡ್ರಿ.

ಪರೀಕ್ಷೆ ಸುಲಭ. ಲ್ಯಾಪ್‌ಟಾಪಿಗೆ ವೈರ್ ಹಾಕಿ, ನೆಟ್‌ವರ್ಕ್ ಸೆಟ್ಟಿಂಗಿನಾಗೆ ಲಿಂಕ್ ಸ್ಪೀಡ್ 100 ಐತೋ 1000 ಐತೋ ನೋಡ್ರಿ. ಆಮೇಲೆ ಡೌನ್‌ಲೋಡ್, ಅಪ್‌ಲೋಡ್ ಬೇರೆ ಬೇರೆ ಅಳೀರಿ. ಕೊನೆಗೆ ಒಂದು ದೊಡ್ಡ ವಿಡಿಯೋ ಮೇಲೆ ಕಳಿಸ್ತಾ ಕಳಿಸ್ತಾನೇ ಡೌನ್‌ಲೋಡ್ ಅಳೀರಿ. ಒಂಟಿಯಾಗಿ ಚೆನ್ನಾಗಿದ್ದು, ಜೋಡಿಯಾದಾಗ ಬಿದ್ರೆ, ರೂಟರಿನಾಗೆ ಎಸ್‌ಕ್ಯೂಎಂ ಅಥವಾ ಕ್ಯೂಓಎಸ್ ಇದ್ರೆ ಹಚ್ಚಿ, ಅಪ್‌ಲೋಡ್ ಮಿತಿಯನ್ನ ಅಳತೆಗಿಂತ ಹತ್ತರಲ್ಲೊಂದು ಪಾಲು ಕಮ್ಮಿ ಇಡ್ರಿ. ಅದಿಲ್ಲಂದ್ರೆ ಬ್ಯಾಕಪ್ಪು ರಾತ್ರಿಗೆ ಹಾಕ್ರಿ. ಖರ್ಚು ಸೊನ್ನೆ.

ಮನೆಯೋರನ್ನೇ ಯಾಕೆ ಅನ್ನಬೇಕು, ಸರ್ಕಾರದ ಅಳತೆಗೋಲೇ ಅರ್ಧ ಐತೆ. 2023ರಾಗೆ ಬ್ರಾಡ್‌ಬ್ಯಾಂಡ್ ಅಂದ್ರೆ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಅಂತ ಹೊಸ ವ್ಯಾಖ್ಯಾನ ಮಾಡಿದ್ರು. ಆ ವ್ಯಾಖ್ಯಾನದಾಗೆ ಅಪ್‌ಲೋಡಿನ ಅಂಕಿಯೇ ಇಲ್ಲ! ಹೊನ್ನಾಳಿಯಾಗೆ ಕುಂತು ಆನ್‌ಲೈನ್ ಪಾಠ ಹೇಳೋ ಟೀಚರು, ನ್ಯಾಮತಿಯಿಂದ ಕಂಪ್ನಿ ಕೆಲಸ ಮಾಡೋ ಮಗಳು, ಇವ್ರ ಸಂಬಳ ನಿಂತಿರೋದೇ ಮೇಲೆ ಹೋಗೋ ದಾರಿ ಮೇಲೆ. ನೋಡೋರಿಗೆ ಒಂದು ಅಂಕಿ ಐತೆ, ದುಡಿಯೋರಿಗೆ ಇಲ್ಲ.

"ಈ ಉಸಾಬರಿ ನಮಗ್ಯಾಕೆ" ಅನ್ನಬೇಡ್ರಿ. ಗ್ಯಾಸ್ ಸಿಲಿಂಡರ್ ತೂಕ ನೋಡಿ ಇಳಿಸ್ಕೊಳ್ಳೋರು ನಾವೇ, ಹಾಲಿಗೆ ನೀರು ಬಿದ್ರೆ ಹಿಡಿಯೋರೂ ನಾವೇ. ಇದನ್ನೂ ಅಳೀರಿ, ಚೀಟೀಲಿ ಬರೆದಿಡ್ರಿ. ಹೊಸ ಪ್ಲಾನ್ ಮಾತು ಎತ್ತಿದ ತಕ್ಷಣ ಆ ಚೀಟಿ ಮುಂದಿಟ್ಟು ಕೇಳ್ರಿ: ಎರಡೂ ದಾರಿ ಒಟ್ಟಿಗೆ ಅಳದೀರೇನ್ರಿ?