ಅಶ್ವಥ್ ಅಭಿಮಾನಿಗಳಿಗೆ ಮೈಸೂರಿನಿಂದ ಒಂದು ಉತ್ತರ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ಸೇರುವ ನಮ್ಮ ಗುಂಪಿನಲ್ಲಿ ಏಳು ಜನ. ರಾಜಕೀಯಕ್ಕೆ ನಾವು ಜಗಳ ಆಡಿದ್ದಿಲ್ಲ, ಪಿಂಚಣಿಗೂ ಆಡಿದ್ದಿಲ್ಲ. ಆಡುವುದು ಒಂದೇ ವಿಷಯಕ್ಕೆ: ಭಾವಗೀತೆಗೆ ರಾಗ ಹಾಕುವುದರಲ್ಲಿ ಮೈಸೂರು ಅನಂತಸ್ವಾಮಿ ಮೇಲೋ, ಸಿ. ಅಶ್ವಥ್ ಮೇಲೋ? ಎಂಬತ್ತರ ದಶಕದಲ್ಲಿ ಸಿಕ್ಕುಬಿದ್ದ ಕ್ಯಾಸೆಟ್ಟಿಗೆ ಪೆನ್ಸಿಲ್ ತೂರಿಸಿ ಸುರುಳಿ ಸುತ್ತಿದವರು ನಾವೆಲ್ಲ. ಆಗ ಕೈಗೆ ಯಾರ ಕ್ಯಾಸೆಟ್ ಸಿಕ್ಕಿತ್ತೋ ಇಂದಿಗೂ ಅವರ ಪಕ್ಷ.

ಕಳೆದ ಭಾನುವಾರ ನನ್ನ ಪಕ್ಷದ ಇನ್ನೊಬ್ಬರು ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದರು. ಎದುರು ಪಕ್ಷದ ಐವರ ನಡುವೆ ಒಂಟಿಯಾಗಿ ಸಿಕ್ಕಿಬಿದ್ದೆ. ತಲೆಗೊಂದರಂತೆ ಐದು ಆಕ್ಷೇಪ ಎಸೆದರು. ಬಾಯಿ ತೆರೆಯುವಷ್ಟರಲ್ಲಿ ಬಿಸಿಲೇರಿತ್ತು. ಅಂದು ಬಾಯಲ್ಲೇ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಆಕ್ಷೇಪ: "2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆದಾಗ ಜನಸಾಗರ ಸೇರಿತ್ತು. ಅಶ್ವಥ್ ಬಿಟ್ಟರೆ ಕವಿತೆ ಕೇಳಲು ಅಷ್ಟು ಜನರನ್ನು ಕರೆತಂದವರು ಯಾರಿದ್ದಾರೆ?"

ಯಾರೂ ಇಲ್ಲ, ಒಪ್ಪಿದೆ. ಆದರೆ ಅನಂತಸ್ವಾಮಿ ತೀರಿಕೊಂಡದ್ದು 1995ರ ಜನವರಿಯಲ್ಲಿ. ಐವತ್ತೆಂಟು ವರ್ಷದ ಬದುಕು ಅವರದು. ಹತ್ತು ವರ್ಷದ ಹಿಂದೆ ಹೋದವರು ಮೈದಾನಕ್ಕೆ ಬರಲಿಲ್ಲ ಎಂದು ದೂರುವುದು ಯಾವ ನ್ಯಾಯ? ಆ ಮೈದಾನಕ್ಕೆ ಬಂದವರ ಕಿವಿಯನ್ನು ಹದಮಾಡಿದ್ದು ಯಾರೆಂಬುದನ್ನೂ ನೋಡಬೇಕು. ಪಿ. ಕಾಳಿಂಗರಾಯರ ಕಾಲದಲ್ಲಿ ಕವಿತೆ ಕೇಳಬೇಕೆಂದರೆ ಬಹುಪಾಲು ಜನ ಅವರು ಹಾಡುವಲ್ಲಿಗೆ ಹೋಗಬೇಕಿತ್ತು, ಇಲ್ಲವೇ ರೇಡಿಯೋ ಹಾಕಿದಾಗ ಕೇಳಬೇಕಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ಅಲ್ಲಿಂದಾಚೆ ಕವಿತೆ ಅಡುಗೆಮನೆಗೆ ಬಂತು, ಬೇಕೆಂದಾಗ ಬಂತು, ಒಂದೇ ದಿನ ಹತ್ತು ಸಲ ಬಂತು. ಮೈದಾನದ ತಲೆ ಎಣಿಸಬಹುದು. ಮನೆಗಳ ಲೆಕ್ಕ ಇಟ್ಟವರು ಯಾರು?

ಎರಡನೆಯದು: "ಅನಂತಸ್ವಾಮಿ ಎಂದರೆ ಪಡಸಾಲೆ ಸಂಗೀತ. ಫಿಲ್ಟರ್ ಕಾಫಿ ಕುಡಿಯುತ್ತಾ ತಲೆದೂಗುವವರಿಗೆ. ಅಶ್ವಥ್ ಹಾಡಿನಲ್ಲಿ ಮಣ್ಣಿನ ವಾಸನೆ ಇದೆ."

ಇದನ್ನು ಹೇಳಿದವರು ಕಾಫಿ ಕುಡಿಯುತ್ತಲೇ ಹೇಳಿದರು, ಇರಲಿ. ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ ಯಾವ ಪಡಸಾಲೆಯವನು? ರತ್ನನ ಪದಗಳಿಗೆ ರಾಗ ಹಾಕುವುದು ಹುಡುಗಾಟವಲ್ಲ. ಕುಡುಕನ ಹಾಡು ತೂರಾಡಬೇಕು, ಮಾತು ಮಾತ್ರ ತೂರಾಡಬಾರದು. ಸ್ವಲ್ಪ ಅತ್ತ ಹೋದರೆ ಅಣಕ, ಇತ್ತ ಹೋದರೆ ಕಛೇರಿ. ಆ ಕಿರಿದಾದ ಬದುವಿನ ಮೇಲೆ ಅನಂತಸ್ವಾಮಿ ಕಾಲು ಜಾರದೆ ನಡೆದರು. ನಿಸಾರರ 'ಕುರಿಗಳು ಸಾರ್ ಕುರಿಗಳು' ಕೇಳಿ: ಕವಿ ನಮ್ಮನ್ನೇ ಗೇಲಿ ಮಾಡುತ್ತಿದ್ದಾರೆ, ನಾವು ತಾಳ ಹಾಕುತ್ತಾ ಹಿಂದೆ ಹೋಗುತ್ತಿದ್ದೇವೆ. ವ್ಯಂಗ್ಯವನ್ನು ರಾಗದಲ್ಲಿ ಹಿಡಿಯುವುದೆಂದರೆ ಇದು.

ಹಾಗೆಂದು ಶಿಶುನಾಳ ಷರೀಫರನ್ನು ನಾನು ಮರೆತಿಲ್ಲ. ಭಜನೆಯ ಮನೆಗಳಲ್ಲಿದ್ದ ತತ್ವಪದಗಳನ್ನು ಹಳೇ ಮೈಸೂರಿನ ಮನೆಮನೆಗೆ ಮುಟ್ಟಿಸಿದ್ದು ಅಶ್ವಥ್. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಕಲಿತ ಹಿಂದೂಸ್ತಾನಿ ಅಲ್ಲಿ ಅವರ ಕೈಹಿಡಿಯಿತು. ಷರೀಫರ ವಿಷಯದಲ್ಲಿ ನನ್ನದು ಮೌನ. ಆದರೆ ಒಂದು ಹೊಲ ಚೆನ್ನಾಗಿ ಉತ್ತವರನ್ನು ಇಡೀ ಸೀಮೆಯ ಒಡೆಯರೆನ್ನಬೇಡಿ.

ಮೂರನೆಯದು: "ಸಿನಿಮಾ ನೋಡಿ. 'ಕಾಕನಕೋಟೆ'ಯಿಂದ ಹಿಡಿದು 'ಸಂತ ಶಿಶುನಾಳ ಷರೀಫ', 'ಮೈಸೂರ ಮಲ್ಲಿಗೆ', 'ನಾಗಮಂಡಲ'ದವರೆಗೆ ಸಾಲಾಗಿ ನಿಂತಿವೆ. ನಿಮ್ಮವರದೇನಿದೆ?"

ಈ ಲೆಕ್ಕದಲ್ಲಿ ನಿಮಗೇ ಗೆಲುವು. ಕೊಸರು ಒಂದಿದೆ: ನೀವು ಸದಾ ಮೊದಲು ಹಾಡಿ ತೋರಿಸುವ 'ಆಲೆಮನೆ'ಯ 'ನಮ್ಮೂರ ಮಂದಾರ ಹೂವೆ' ಅಶ್ವಥ್–ವೈದಿ ಜೋಡಿಯದು. ಅರ್ಧ ಅಂಕ ಎಲ್. ವೈದ್ಯನಾಥನ್ ಅವರಿಗೆ ಹೋಗಬೇಕು. ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅವರಿಗೂ ಒಂದಿಷ್ಟು. ಸಿನಿಮಾ ಹಾಡಿಗೆ ಕಥೆ ಇದೆ, ಮುಖ ಇದೆ, ಕಾಡು-ಹೊಳೆ ಇದೆ. ಭಾವಗೀತೆಗೆ ಕವಿಯ ಮಾತು ಬಿಟ್ಟರೆ ಬೇರೆ ಆಸರೆ ಇಲ್ಲ. ನಾವು ವಾದಕ್ಕೆ ಕೂತದ್ದು ಭಾವಗೀತೆಯ ಮೇಲೆ.

ನಾಲ್ಕನೆಯದು ನನಗೆ ನಾಟಿತು: "ಹೆಸರಿನ ಹಿಂದೆ ಮೈಸೂರು ಅಂತಿದೆ, ಅದಕ್ಕೇ ನಿಮಗೆ ಪ್ರೀತಿ. ಇದು ಊರಭಿಮಾನ."

ಊರಭಿಮಾನ ನನಗಿಲ್ಲ ಎಂದರೆ ಚಾಮುಂಡಿ ಮೆಚ್ಚಳು. ಆದರೆ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರ ಪುಸ್ತಕ. ಅದರ ಕಂಪನ್ನು ಹಾಡಾಗಿ ಎಲ್ಲೆಡೆ ಹರಡಿದವರಲ್ಲಿ ಮುಂದೆ ನಿಲ್ಲುವವರು ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಅಶ್ವಥ್. ಇದನ್ನು ಮೈಸೂರಿನವನಾದ ನಾನೇ ಹೇಳುತ್ತಿದ್ದೇನೆ. ನಮ್ಮ ಮಲ್ಲಿಗೆಯನ್ನು ನಿಮ್ಮವರ ಮುಡಿಗಿಟ್ಟ ಮೇಲೂ ಪಕ್ಷಪಾತವೆಂದರೆ ಹೇಗೆ? ಅನಂತಸ್ವಾಮಿಗೆ ಮೈಸೂರು ಕೊಟ್ಟದ್ದು ಹೆಸರನ್ನಷ್ಟೇ ಅಲ್ಲ, ಕಿವಿಯನ್ನು. ಅವರು ಅರಮನೆಯ ವಿದ್ವಾಂಸರಾಗಿದ್ದ ಚಿಕ್ಕರಾಮಪ್ಪನವರ ಮೊಮ್ಮಗ. ಮನೆಯಲ್ಲೇ ಶಾಸ್ತ್ರ ಇದ್ದವರಿಗೆ ಅದನ್ನು ಮೆರೆಸುವ ಹಸಿವು ಇರುವುದಿಲ್ಲ. ಎಲ್ಲಿ ಸಂಗತಿ ಹಾಕಬಾರದು, ಎಲ್ಲಿ ಕವಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಬೇಕು ಎಂಬ ವಿವೇಕ ಅವರಿಗೆ ಬಂದದ್ದು ಅಲ್ಲಿಂದ ಎಂದು ನನ್ನ ನಂಬಿಕೆ.

ಐದನೆಯದು ನಾಡಗೀತೆ: "2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯನ್ನು ಆರಿಸಿತು. ಸಮಿತಿಯ ಅಧ್ಯಕ್ಷರು ನಿಮ್ಮ ಊರಿನ ಎಚ್.ಆರ್. ಲೀಲಾವತಿ. ಇನ್ನೇನಾಗುತ್ತದೆ?"

ಇಲ್ಲಿ ಮೊದಲು ನನ್ನ ಪಕ್ಷದವರಿಗೆ ಒಂದು ಮಾತು. ಸರ್ಕಾರಿ ಆದೇಶವನ್ನು ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗಬೇಡಿ. ಆದೇಶ ಹೇಳಿದ್ದು ಆಲಾಪವಿಲ್ಲದೆ, ಪುನರಾವರ್ತನೆಯಿಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಎಂದು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಕೋರ್ಟು ತೀರ್ಮಾನಿಸುವುದು ಕಾನೂನನ್ನು, ಮಾಧುರ್ಯವನ್ನಲ್ಲ. ಇನ್ನು ಎದುರು ಪಕ್ಷಕ್ಕೆ: ಲೀಲಾವತಿಯವರು ಸುಗಮ ಸಂಗೀತಕ್ಕೇ ಬಾಳು ಸವೆಸಿದವರು. ಅವರ ತೀರ್ಪನ್ನು ಊರಿನ ಹೆಸರಿನಿಂದ ಅಳೆಯಬೇಡಿ. ಆದೇಶ ಬರುವ ಮೊದಲೇ ಶಾಲೆಗಳಲ್ಲಿ ಈ ಧಾಟಿ ರೂಢಿಯಲ್ಲಿತ್ತು. ಬಿಸಿಲಿನಲ್ಲಿ ಸಾಲಾಗಿ ನಿಂತ ಮುನ್ನೂರು ಮಕ್ಕಳಲ್ಲಿ ಇನ್ನೂರು ಮಕ್ಕಳಿಗೆ ಶ್ರುತಿಯ ಗೊಡವೆ ಇಲ್ಲ. ಅಂಥ ಮಕ್ಕಳ ಬಾಯಲ್ಲೂ ಕುವೆಂಪು ಅವರ ಮಾತು ಒಡೆಯದೆ ನಿಲ್ಲುತ್ತದಲ್ಲ, ಅದು ರಾಗ ಹಾಕಿದವರ ಕಸುಬು.

ನನ್ನ ವಾದದ ತಿರುಳೂ ಇದೇ. ಯಾವ ಊರಿನ ಸುಗಮ ಸಂಗೀತ ಸ್ಪರ್ಧೆಗಾದರೂ ಹೋಗಿ ಕೂತುಕೊಳ್ಳಿ. ಅಶ್ವಥ್ ಹಾಡು ಎತ್ತಿಕೊಂಡ ಹುಡುಗ ಹಾಡಿನ ಜೊತೆಗೆ ಅಶ್ವಥ್‌ರನ್ನೂ ಎತ್ತಿಕೊಳ್ಳುತ್ತಾನೆ. ದನಿ ಒರಟಾಗುತ್ತದೆ, ಕೈ ಮೇಲೇರುತ್ತದೆ, ಕೊನೆಯಕ್ಷರ ಎಳೆದು ಎಳೆದು ಚಪ್ಪಾಳೆ ಬರುವವರೆಗೂ ನಿಲ್ಲುವುದಿಲ್ಲ. ಅನಂತಸ್ವಾಮಿ ಹಾಡು ಎತ್ತಿಕೊಂಡ ಹುಡುಗಿ ತನ್ನ ದನಿಯಲ್ಲೇ ಹಾಡುತ್ತಾಳೆ. ಅಶ್ವಥ್ ದೊಡ್ಡ ಗಾಯಕರು, ಅವರ ರಾಗಗಳು ಅವರ ಗಂಟಲನ್ನು ಬಿಟ್ಟಿರಲಾರವು. ಅನಂತಸ್ವಾಮಿಯ ರಾಗಗಳು ಅವರ ಗಂಟಲನ್ನು ಎಂದೋ ಬಿಟ್ಟು ನಮ್ಮ ಗಂಟಲಿಗೆ ಬಂದಿವೆ. ಸುಗಮ ಎಂಬ ಮಾತಿಗೆ ನಾನು ಕೊಡುವ ಅರ್ಥ ಅದು.

"ಹಾಗಾದರೆ 'ಕಾಣದ ಕಡಲಿಗೆ ಹಂಬಲಿಸಿದೆ ಮನ' ಯಾರ ಗಂಟಲಿಗೆ ಬರುವುದಿಲ್ಲ?" ಎಂದು ನೀವು ಕೇಳಿಯೇ ಕೇಳುತ್ತೀರಿ. ಬರುತ್ತದೆ. ನನ್ನ ಹೆಂಡತಿ ಪಾತ್ರೆ ತೊಳೆಯುತ್ತಾ ಗುನುಗುವುದೂ ಅದನ್ನೇ. ಆ ಹಾಡಿನ ಮುಂದೆ ನನ್ನ ವಾದ ಸ್ವಲ್ಪ ಕುಂಟುತ್ತದೆ, ಮುಚ್ಚಿಡುವುದಿಲ್ಲ.

ಉಳಿದದ್ದಕ್ಕೆ ಬರುವ ಭಾನುವಾರ ಅದೇ ಜಾಗಕ್ಕೆ ಬನ್ನಿ. ಶ್ರುತಿಪೆಟ್ಟಿಗೆ ಬೇಡ, ಮೊಬೈಲ್ ಬೇಡ. ಐವರೂ ಒಂದೊಂದು ಅಶ್ವಥ್ ಹಾಡನ್ನು ಅಶ್ವಥ್ ದನಿಯ ಅನುಕರಣೆ ಇಲ್ಲದೆ ಹಾಡಿ. ಐದರಲ್ಲಿ ಮೂರು ನಿಂತರೂ ಸಾಕು, ಅಂದೇ ಪಕ್ಷ ಬದಲಿಸುತ್ತೇನೆ.